ಸೂತ್ರದ ಹಿಂದಿನ ಷರತ್ತುಗಳು

ಅರ್ಥಶಾಸ್ತ್ರ ಮತ್ತು ಹಣಕಾಸು ಶಾಸ್ತ್ರ ಒಂದೇ ಮೂಲದಿಂದ ಬಂದವಾದರೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅವು ಬಹುಮಟ್ಟಿಗೆ ಬೇರೆ ಬೇರೆ ವಿಭಾಗಗಳಲ್ಲಿ, ಬೇರೆ ಬೇರೆ ಪದವಿಗಳ ಅಡಿಯಲ್ಲಿ, ಒಂದಕ್ಕೊಂದು ಹೆಚ್ಚಿನ ಮಾತುಕತೆಯಿಲ್ಲದೆ ಬೋಧನೆಯಾಗುತ್ತವೆ. ಬಿ.ಎ. ತರಗತಿಯ ವಿದ್ಯಾರ್ಥಿಗಳು ಬೇಡಿಕೆ ಮತ್ತು ಪೂರೈಕೆ, ಸೀಮಾಂತ ತುಷ್ಟಿಗುಣ, ರಾಷ್ಟ್ರೀಯ ವರಮಾನ, ಸಾರ್ವಜನಿಕ ಹಣಕಾಸು ಮುಂತಾದವನ್ನು ಓದುತ್ತಾರೆ, ಬಿ.ಕಾಂ. ಮತ್ತು ಎಂ.ಬಿ.ಎ. ವಿದ್ಯಾರ್ಥಿಗಳು ಬಂಡವಾಳ ಹೂಡಿಕೆಯ ಲೆಕ್ಕ, ಷೇರು ಮತ್ತು ಬಾಂಡುಗಳ ಮೌಲ್ಯಮಾಪನ, ಸಾಲ ಮತ್ತು ಸ್ವಂತ ಬಂಡವಾಳದ ಪ್ರಮಾಣ ಇವುಗಳ ಸಮಸ್ಯೆಗಳನ್ನು ಬಿಡಿಸುತ್ತಾರೆ. ಮೊದಲನೆಯವರಿಗೆ ಪ್ರತಿಯೊಂದು ನಿಯಮದ ಜೊತೆಗೂ ‘ಇತರ ಅಂಶಗಳು ಸ್ಥಿರವಾಗಿದ್ದಲ್ಲಿ’ ಎಂಬ ಷರತ್ತನ್ನು ಬರೆಯುವ ಅಭ್ಯಾಸವಾದರೂ ಇರುತ್ತದೆ. ಎರಡನೆಯವರಿಗೆ ಸೂತ್ರವೊಂದು ಸಿಕ್ಕಿ ಅದರಲ್ಲಿ ಅಂಕಿಗಳನ್ನು ತುಂಬುವ ಹೊತ್ತಿಗೆ ಷರತ್ತು ಕಣ್ಮರೆಯಾಗಿರುತ್ತದೆ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಹಣಕಾಸು ಸಿದ್ಧಾಂತದಲ್ಲಿ ನಿಜವಾಗಿ ಕಲಿಯಬೇಕಾದದ್ದು ಯಾವ ಷರತ್ತು ಮುರಿದಾಗ ಯಾವ ಸೂತ್ರ ಕುಸಿಯುತ್ತದೆ ಎಂಬುದನ್ನೇ.

1950ಕ್ಕೆ ಮುಂಚೆ ಹಣಕಾಸು ಎಂಬ ವಿಷಯ ಹೆಚ್ಚಾಗಿ ವರ್ಣನಾತ್ಮಕವಾಗಿತ್ತು. ಕಂಪನಿಯೊಂದು ಷೇರುಗಳನ್ನು ಹೇಗೆ ಬಿಡುಗಡೆ ಮಾಡುತ್ತದೆ, ಸಾಲಪತ್ರಗಳಲ್ಲಿ ಎಷ್ಟು ಬಗೆ, ವಿಲೀನದ ಕಾನೂನು ಏನು, ದಿವಾಳಿಯಾದಾಗ ಯಾರ ಬಾಕಿ ಮೊದಲು ತೀರಬೇಕು ಎಂಬಂಥ ಸಂಗತಿಗಳನ್ನು ವಾಣಿಜ್ಯ ಶಾಲೆಗಳು ಕಲಿಸುತ್ತಿದ್ದವು. ಅತ್ತ ಅರ್ಥಶಾಸ್ತ್ರವು 1890ರಲ್ಲಿ ಪ್ರಕಟವಾದ ಆಲ್ಫ್ರೆಡ್ ಮಾರ್ಷಲ್ ಅವರ ಗ್ರಂಥದ ಬಲದಿಂದಲೂ, 1903ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಅವರೇ ಹೋರಾಡಿ ಸ್ಥಾಪಿಸಿದ ಪ್ರತ್ಯೇಕ ಅರ್ಥಶಾಸ್ತ್ರ ಪದವಿಯ ಬಲದಿಂದಲೂ ಸ್ವತಂತ್ರ ಶಾಸ್ತ್ರವಾಗಿ ನೆಲೆಗೊಂಡಿತ್ತು. ಈ ಎರಡರ ನಡುವಿನ ಅಂತರ ಎಷ್ಟಿತ್ತೆಂದರೆ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಷೇರುಗಳ ಆಯ್ಕೆಯ ಕುರಿತ ತಮ್ಮ ಪ್ರಬಂಧವನ್ನು ಸಮರ್ಥಿಸಿಕೊಳ್ಳಲು ನಿಂತಾಗ, ಪರೀಕ್ಷಕರಲ್ಲೊಬ್ಬರಾದ ಮಿಲ್ಟನ್ ಫ್ರೀಡ್ಮನ್ ಇದು ಅರ್ಥಶಾಸ್ತ್ರವೇ ಅಲ್ಲವಲ್ಲ ಎಂದು ವಾದ ಹೂಡಿದ್ದರಂತೆ. ಪದವಿಯೇನೋ ದೊರೆಯಿತು; 1990ರಲ್ಲಿ ಅದೇ ಕೆಲಸಕ್ಕೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವೂ ಬಂತು.

ಪಠ್ಯಕ್ರಮದ ಮೊದಲ ಪಾಠ ಹಣದ ಕಾಲಮೌಲ್ಯ. ಇಂದು ಕೈಯಲ್ಲಿರುವ ರೂಪಾಯಿಗೂ ಹತ್ತು ವರ್ಷ ಬಿಟ್ಟು ಬರುವ ರೂಪಾಯಿಗೂ ಬೆಲೆ ಒಂದೇ ಅಲ್ಲ ಎಂಬುದು ಬಡ್ಡಿಗೆ ಸಾಲ ಕೊಟ್ಟವರಿಗೂ ತಂದವರಿಗೂ ಯಾವ ಕಾಲದಿಂದಲೋ ತಿಳಿದ ಸಂಗತಿ. ಶಾಸ್ತ್ರವು ಮಾಡುವುದಿಷ್ಟೆ: ಚಕ್ರಬಡ್ಡಿಯ ಲೆಕ್ಕವನ್ನು ತಿರುವು ಹಾಕಿ, ಮುಂದೆ ಬರುವ ಮೊತ್ತವನ್ನು ಇಂದಿನ ಬೆಲೆಗೆ ಇಳಿಸುತ್ತದೆ. ವರ್ಷಕ್ಕೆ ಶೇ. 8ರ ದರದಲ್ಲಿ, ಹತ್ತು ವರ್ಷಗಳ ನಂತರ ಬರುವ 1 ಲಕ್ಷ ರೂಪಾಯಿಯ ಇಂದಿನ ಬೆಲೆ ಸುಮಾರು 46,300 ರೂಪಾಯಿ, ದರ ಶೇ. 12 ಆದರೆ ಅದೇ ಮೊತ್ತ ಸುಮಾರು 32,200ಕ್ಕೆ ಇಳಿಯುತ್ತದೆ. ಕಾರ್ಖಾನೆಯೊಂದರಿಂದ ವರ್ಷವರ್ಷವೂ ಬರಬಹುದಾದ ಆದಾಯವನ್ನು ಹೀಗೆ ಇಳಿಸಿ, ಎಲ್ಲವನ್ನೂ ಕೂಡಿಸಿ, ಹೂಡಿದ ಬಂಡವಾಳವನ್ನು ಕಳೆದಾಗ ಉಳಿಯುವುದೇ ನಿವ್ವಳ ಪ್ರಸ್ತುತ ಮೌಲ್ಯ. ಅದು ಸೊನ್ನೆಗಿಂತ ಹೆಚ್ಚಿದ್ದರೆ ಯೋಜನೆ ಲಾಭದಾಯಕ. ಷೇರಿನ ಬೆಲೆಯೆಂದರೆ ಅದು ಮುಂದೆ ತರುವ ಲಾಭಾಂಶಗಳ ಇಂದಿನ ಮೌಲ್ಯ ಎಂಬ ವಿಚಾರವನ್ನು ಜಾನ್ ಬರ್ ವಿಲಿಯಮ್ಸ್ 1938ರಲ್ಲಿ ವಿಸ್ತಾರವಾಗಿ ಮಂಡಿಸಿದ್ದೂ ಈ ತರ್ಕದ ಮೇಲೆಯೇ.

ಲೆಕ್ಕ ಸುಲಭ, ದರ ಎಲ್ಲಿಂದ ಬರುತ್ತದೆ ಎಂಬುದು ಸುಲಭವಲ್ಲ. ಯೇಲ್ ವಿಶ್ವವಿದ್ಯಾಲಯದ ಅರ್ವಿಂಗ್ ಫಿಷರ್ 1930ರ ತಮ್ಮ ಗ್ರಂಥದಲ್ಲಿ ಬಡ್ಡಿಗೆ ಎರಡು ಬೇರುಗಳನ್ನು ತೋರಿಸಿದರು. ನಾಳೆಗಿಂತ ಇಂದೇ ಅನುಭವಿಸಬೇಕೆಂಬ ಮನುಷ್ಯನ ಆತುರ ಒಂದು, ಇಂದು ಹೂಡಿದ್ದು ನಾಳೆ ಹೆಚ್ಚಾಗಿ ಬೆಳೆಯುವ ಅವಕಾಶ ಇನ್ನೊಂದು. (1929ರ ಷೇರುಪೇಟೆ ಕುಸಿತದಲ್ಲಿ ಫಿಷರ್ ತಮ್ಮ ಸಂಪತ್ತನ್ನು ಕಳೆದುಕೊಂಡರೆಂಬುದು ಅವರ ಸಿದ್ಧಾಂತವನ್ನು ಸುಳ್ಳಾಗಿಸುವುದಿಲ್ಲವಾದರೂ ಅದನ್ನು ಓದುವಾಗ ನೆನಪಾಗದೆ ಇರದು.) ದರದ ಆಯ್ಕೆ ಎಷ್ಟರಮಟ್ಟಿಗೆ ನಿರ್ಣಾಯಕವೆಂಬುದು ಅವಧಿ ದೀರ್ಘವಾದಂತೆ ಗೋಚರಿಸುತ್ತದೆ. ನೂರು ವರ್ಷಗಳ ನಂತರದ 1 ಲಕ್ಷ ರೂಪಾಯಿ ಹಾನಿಯ ಇಂದಿನ ಬೆಲೆ ಶೇ. 8ರ ದರದಲ್ಲಿ 45 ರೂಪಾಯಿಯ ಆಸುಪಾಸು, ಶೇ. 2ರ ದರದಲ್ಲಿ ಸುಮಾರು 13,800 ರೂಪಾಯಿ. ಹವಾಮಾನ ಬದಲಾವಣೆಯ ಕುರಿತು ಬ್ರಿಟಿಷ್ ಸರ್ಕಾರಕ್ಕಾಗಿ ನಿಕೊಲಸ್ ಸ್ಟರ್ನ್ 2006ರಲ್ಲಿ ಸಿದ್ಧಪಡಿಸಿದ ವರದಿಯು ಸುಮಾರು ಶೇ. 1.4ರ ದರವನ್ನು ಬಳಸಿ ಕೂಡಲೇ ದೊಡ್ಡ ವೆಚ್ಚಕ್ಕೆ ಮುಂದಾಗಬೇಕೆಂದಿತು. ಪೇಟೆಯಲ್ಲಿ ಕಂಡುಬರುವ ಪ್ರತಿಫಲಕ್ಕೆ ಹತ್ತಿರವಾದ, ಸ್ಟರ್ನ್ ಬಳಸಿದ್ದಕ್ಕಿಂತ ಹೆಚ್ಚಿನ ದರವೇ ಸರಿಯೆಂದ ವಿಲಿಯಂ ನಾರ್ಡ್‌ಹೌಸ್ ಕ್ರಮೇಣ ಬಿಗಿಯಾಗುವ ನೀತಿ ಸಾಕೆಂದರು. ಇಬ್ಬರೂ ಬಳಸಿದ್ದು ಬಿ.ಕಾಂ. ವಿದ್ಯಾರ್ಥಿ ಪರೀಕ್ಷೆಯಲ್ಲಿ ಬಳಸುವ ತರ್ಕವನ್ನೇ. ಹುಟ್ಟದ ಪೀಳಿಗೆಯ ನೋವಿಗೆ ಇಂದು ಎಷ್ಟು ತೂಕ ಕೊಡಬೇಕೆಂಬ ಪ್ರಶ್ನೆಯು ಪ್ರಶ್ನೆಪತ್ರಿಕೆಯಲ್ಲಿ ‘ದರ ಶೇ. 10 ಎಂದು ಭಾವಿಸಿ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಎರಡನೆಯ ಪಾಠ ಅಪಾಯದ್ದು. ಮಾರ್ಕೊವಿಟ್ಜ್ 1952ರಲ್ಲಿ ಪ್ರಕಟಿಸಿದ ಲೇಖನಕ್ಕೆ ಮುಂಚೆಯೂ ಇರುವುದನ್ನೆಲ್ಲ ಒಂದೇ ಕಡೆ ಹಾಕಬಾರದೆಂಬುದು ಎಲ್ಲರಿಗೂ ಗೊತ್ತಿತ್ತು. ಹಳೆಯ ಮೈಸೂರು ಸೀಮೆಯ ರೈತರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳನ್ನು ಅಕ್ಕಡಿ ಸಾಲಾಗಿ ಬಿತ್ತುವುದರ ಹಿಂದೆ ಇರುವ ವಿವೇಕವೂ ಅದೇ: ಒಂದು ಬೆಳೆಗೆ ಮುನಿದ ಮಳೆ ಇನ್ನೊಂದಕ್ಕೆ ಒದಗಬಹುದು. ಮಾರ್ಕೊವಿಟ್ಜ್ ಈ ವಿವೇಕಕ್ಕೆ ಅಳತೆಯನ್ನು ಒದಗಿಸಿದರು. ಷೇರೊಂದರ ಪ್ರತಿಫಲವು ತನ್ನ ಸರಾಸರಿಯಿಂದ ಎಷ್ಟು ಆಚೀಚೆ ಸರಿಯುತ್ತದೆ ಎಂಬುದನ್ನು, ಅಂದರೆ ಸಂಖ್ಯಾಶಾಸ್ತ್ರದವರು ಮಾನಕ ವಿಚಲನೆ ಎನ್ನುವುದನ್ನು, ಅವರು ಅಪಾಯದ ಅಳತೆಯಾಗಿ ತೆಗೆದುಕೊಂಡರು. ತಲಾ ಶೇ. 12ರ ಸರಾಸರಿ ಪ್ರತಿಫಲ ಮತ್ತು ಶೇ. 20ರ ವಿಚಲನೆಯುಳ್ಳ ಎರಡು ಷೇರುಗಳಲ್ಲಿ ಹಣವನ್ನು ಸಮನಾಗಿ ಹಂಚಿದಾಗ ಸರಾಸರಿ ಪ್ರತಿಫಲ ಶೇ. 12 ಆಗಿಯೇ ಉಳಿಯುತ್ತದೆ; ಆದರೆ ಅವೆರಡರ ಏರಿಳಿತಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಒಟ್ಟು ವಿಚಲನೆ ಸುಮಾರು ಶೇ. 14ಕ್ಕೆ ಇಳಿಯುತ್ತದೆ, ಎರಡೂ ಸದಾ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದಾದರೆ ಶೇ. 20 ಆಗಿಯೇ ನಿಲ್ಲುತ್ತದೆ. ಆದುದರಿಂದ ಷೇರೊಂದನ್ನು ಬಿಡಿಯಾಗಿ ನೋಡಿ ಅದು ಅಪಾಯಕಾರಿಯೇ ಎಂದು ಹೇಳಲಾಗದು. ಅದು ಉಳಿದವುಗಳ ಜೊತೆ ಹೇಗೆ ಚಲಿಸುತ್ತದೆ ಎಂಬುದನ್ನು, ಅಂದರೆ ಸಹಸಂಬಂಧವನ್ನು, ನೋಡಬೇಕಾಗುತ್ತದೆ.

ಷರತ್ತು ಅಡಗಿರುವುದೂ ಇಲ್ಲಿಯೇ. ಸಹಸಂಬಂಧವನ್ನು ಹಿಂದಿನ ವರ್ಷಗಳ ಅಂಕಿಅಂಶಗಳಿಂದ ಲೆಕ್ಕಹಾಕಿ ಮುಂದೆಯೂ ಅದು ಹಾಗೆಯೇ ಇರುತ್ತದೆಂದು ಭಾವಿಸಲಾಗುತ್ತದೆ. ಆದರೆ ಪೇಟೆಯಲ್ಲಿ ಗಾಬರಿ ಹಬ್ಬಿದ ದಿನಗಳಲ್ಲಿ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಮಾರತೊಡಗುವುದರಿಂದ, ಸಂಬಂಧವೇ ಇಲ್ಲವೆಂದುಕೊಂಡ ಷೇರುಗಳೂ ಒಟ್ಟಿಗೇ ಬೀಳುತ್ತವೆ. ಹಂಚಿಕೆಯ ರಕ್ಷಣೆ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಅದು ತೆಳುವಾಗುತ್ತದೆ.

ವಿಲಿಯಂ ಶಾರ್ಪ್ 1964ರಲ್ಲಿ ಈ ವಿಚಾರವನ್ನು ಮುಂದುವರಿಸಿ, ಎಲ್ಲರೂ ಮಾರ್ಕೊವಿಟ್ಜ್ ಹೇಳಿದಂತೆಯೇ ಹೂಡಿದರೆ ಷೇರುಗಳ ಬೆಲೆ ಏನಾಗುತ್ತದೆ ಎಂದು ಕೇಳಿದರು. ಹಂಚಿಕೆಯಿಂದ ಕಳೆದುಹೋಗುವ ಅಪಾಯಕ್ಕೆ ಪೇಟೆ ಪ್ರತಿಫಲ ಕೊಡದು, ಪೇಟೆಯ ಜೊತೆಗೇ ಏರಿಳಿಯುವ ಭಾಗಕ್ಕೆ ಮಾತ್ರ ಕೊಡುತ್ತದೆ ಎಂಬುದು ಅವರ ಉತ್ತರ. ಆ ಭಾಗದ ಅಳತೆಯೇ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಬೀಟಾ. ಅಪಾಯವಿಲ್ಲದ ಸರ್ಕಾರಿ ಸಾಲಪತ್ರಕ್ಕೆ ಶೇ. 7, ಒಟ್ಟು ಪೇಟೆಗೆ ಶೇ. 12 ಪ್ರತಿಫಲವಿದ್ದರೆ 1.2 ಬೀಟಾ ಇರುವ ಷೇರಿನಿಂದ ಶೇ. 13 ನಿರೀಕ್ಷಿಸಬೇಕು. ಈ ಸೂತ್ರ ವಾಸ್ತವದ ಅಂಕಿಅಂಶಗಳಿಗೆ ಅಷ್ಟಾಗಿ ಹೊಂದುವುದಿಲ್ಲವೆಂದು ಅನೇಕ ಅಧ್ಯಯನಗಳು ತೋರಿಸಿದ ಮೇಲೂ ಅದು ಪಠ್ಯದಲ್ಲಿ ಭದ್ರವಾಗಿ ಕುಳಿತಿದೆ. ಅದರಷ್ಟು ಸರಳವಾದ ಬದಲಿ ಇನ್ನೊಂದು ಸಿಗದಿರುವುದೇ ಅದಕ್ಕೆ ಕಾರಣವಿರಬಹುದು.

ಷರತ್ತುಗಳ ಮಹತ್ವವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ 1958ರಲ್ಲಿ ಪ್ರಕಟಿಸಿದ ಪ್ರಮೇಯ. ಕಂಪನಿಯೊಂದು ತನಗೆ ಬೇಕಾದ ಬಂಡವಾಳವನ್ನು ಸಾಲದಿಂದ ತಂದರೂ ಅಷ್ಟೆ, ಷೇರುಗಳಿಂದ ಎತ್ತಿದರೂ ಅಷ್ಟೆ, ಅದರ ಒಟ್ಟು ಮೌಲ್ಯ ಬದಲಾಗುವುದಿಲ್ಲ ಎಂಬುದು ಅದರ ಸಾರ. ಮೌಲ್ಯವು ಕಂಪನಿ ಗಳಿಸುವ ಲಾಭದಿಂದ ಬರುತ್ತದೆಯೇ ಹೊರತು ಆ ಲಾಭವನ್ನು ಸಾಲ ಕೊಟ್ಟವರಿಗೂ ಷೇರುದಾರರಿಗೂ ಹೇಗೆ ಪಾಲು ಮಾಡಲಾಯಿತು ಎಂಬುದರಿಂದಲ್ಲ. ಸಾಲದ ಲಾಭ ಬೇಕೆನ್ನುವ ಷೇರುದಾರರು ತಾವೇ ಸಾಲ ತಂದು ಹೆಚ್ಚು ಷೇರು ಕೊಳ್ಳಬಹುದಾದ್ದರಿಂದ ಕಂಪನಿ ಅದನ್ನು ಅವರ ಪರವಾಗಿ ಮಾಡಿತೆಂದು ಯಾರೂ ಹೆಚ್ಚಿನ ಬೆಲೆ ಕೊಡುವುದಿಲ್ಲ. ಇದಕ್ಕೆ ಬೇಕಾದ ಷರತ್ತುಗಳೆಂದರೆ ತೆರಿಗೆ ಇರಬಾರದು, ದಿವಾಳಿಯಿಂದ ಖರ್ಚಾಗಬಾರದು, ಕಂಪನಿಗೂ ವ್ಯಕ್ತಿಗೂ ಒಂದೇ ಬಡ್ಡಿಗೆ ಸಾಲ ಸಿಗಬೇಕು, ಒಳಗಿನವರಿಗೂ ಹೊರಗಿನವರಿಗೂ ಒಂದೇ ಮಾಹಿತಿ ಇರಬೇಕು. ಯಾವ ದೇಶದಲ್ಲೂ ಇವೆಲ್ಲ ಒಟ್ಟಿಗೆ ಈಡೇರಿದ್ದಿಲ್ಲ.

ಹಾಗಿದ್ದರೆ ಅದನ್ನು ಕಲಿಸುವುದೇಕೆ ಎಂದು ಕೇಳುವವರು ಪ್ರಮೇಯವನ್ನು ತಲೆಕೆಳಗಾಗಿ ಓದಬೇಕು. ಷರತ್ತುಗಳೆಲ್ಲ ಈಡೇರಿದರೆ ಸಾಲದ ಪ್ರಮಾಣಕ್ಕೆ ಮಹತ್ವವಿಲ್ಲ ಎಂದಾದರೆ, ವಾಸ್ತವದಲ್ಲಿ ಅದಕ್ಕಿರುವ ಮಹತ್ವವೆಲ್ಲ ಯಾವುದೋ ಒಂದು ಷರತ್ತು ಮುರಿದದ್ದರಿಂದಲೇ ಬಂದಿರಬೇಕು. ಸಾಲದ ಬಡ್ಡಿಯನ್ನು ತೆರಿಗೆಗೆ ಮುಂಚೆ ಖರ್ಚಿಗೆ ಹಾಕಿಕೊಳ್ಳಬಹುದು, ಲಾಭಾಂಶವನ್ನು ಹಾಗೆ ಹಾಕಿಕೊಳ್ಳಲಾಗದು. ಆದ್ದರಿಂದ ಸಾಲ ಆಕರ್ಷಕ. ಸಾಲ ಮಿತಿಮೀರಿದರೆ ಮಾಲು ಪೂರೈಸುವವರು ಕೈಬಿಡುತ್ತಾರೆ, ನುರಿತ ನೌಕರರು ಹೊರಡುತ್ತಾರೆ, ವಕೀಲರ ಖರ್ಚು ಏರುತ್ತದೆ; ಆದ್ದರಿಂದ ಸಾಲ ಅಪಾಯಕರ. ಕಂಪನಿಗಳ ಹಣಕಾಸು ಎಂಬ ಇಡೀ ಪಠ್ಯವು ಈ ಪ್ರಮೇಯದ ಷರತ್ತುಗಳನ್ನು ಒಂದೊಂದಾಗಿ ಸಡಿಲಿಸುತ್ತ ಬರೆದ ಅಧ್ಯಾಯಗಳ ಸರಣಿಯೆಂದರೆ ಅತಿಶಯೋಕ್ತಿಯಾಗದು.

ಯೂಜಿನ್ ಫಾಮಾ 1970ರಲ್ಲಿ ಸ್ಪಷ್ಟರೂಪ ಕೊಟ್ಟ ದಕ್ಷ ಮಾರುಕಟ್ಟೆಯ ಸಿದ್ಧಾಂತದ ಪ್ರಕಾರ ಲಭ್ಯವಿರುವ ಮಾಹಿತಿಯೆಲ್ಲ ಷೇರಿನ ಬೆಲೆಯಲ್ಲಿ ಆಗಲೇ ಸೇರಿಕೊಂಡಿರುತ್ತದೆ. ಎಲ್ಲರಿಗೂ ಗೊತ್ತಿರುವ ಸುದ್ದಿಯ ಆಧಾರದ ಮೇಲೆ ಪೇಟೆಯನ್ನು ಸತತವಾಗಿ ಮೀರಿಸಿ ಗಳಿಸಲಾಗದು. ಸೂಚ್ಯಂಕದಲ್ಲಿರುವ ಷೇರುಗಳನ್ನೆಲ್ಲ ಸುಮ್ಮನೆ ಕೊಂಡಿಡುವ ಇಂಡೆಕ್ಸ್ ಫಂಡುಗಳಿಗೆ ತಾತ್ವಿಕ ಬೆಂಬಲ ದೊರೆತದ್ದು ಇದರಿಂದ. ಆದರೆ ರಾಬರ್ಟ್ ಶಿಲ್ಲರ್ 1981ರಲ್ಲಿ, ಲಾಭಾಂಶಗಳು ಏರಿಳಿಯುವುದಕ್ಕಿಂತ ಬಹಳ ಹೆಚ್ಚಾಗಿ ಷೇರುಬೆಲೆಗಳು ಏರಿಳಿಯುತ್ತವೆಂದು ತೋರಿಸಿದರು. ಅದಕ್ಕೆ ಒಂದು ವರ್ಷ ಮುಂಚೆ ಗ್ರಾಸ್‌ಮನ್ ಮತ್ತು ಸ್ಟಿಗ್ಲಿಟ್ಜ್, ಮಾಹಿತಿಯೆಲ್ಲ ಬೆಲೆಯಲ್ಲೇ ಇರುವುದಾದರೆ ಖರ್ಚು ಮಾಡಿ ಮಾಹಿತಿ ಕಲೆಹಾಕುವವರು ಯಾರು, ಯಾರೂ ಕಲೆಹಾಕದಿದ್ದರೆ ಅದು ಬೆಲೆಯೊಳಕ್ಕೆ ಬರುವುದು ಹೇಗೆ ಎಂದು ಕೇಳಿದ್ದರು. 2013ರ ನೊಬೆಲ್ ಪುರಸ್ಕಾರವನ್ನು ಫಾಮಾ ಮತ್ತು ಶಿಲ್ಲರ್ ಇಬ್ಬರೂ ಲಾರ್ಸ್ ಪೀಟರ್ ಹ್ಯಾನ್ಸೆನ್ ಅವರೊಡನೆ ಹಂಚಿಕೊಂಡರು. ಹೊರಗಿನವರಿಗೆ ಇದು ತಮಾಷೆಯಾಗಿ ಕಂಡೀತು. ತರಗತಿಯಲ್ಲಿ ಇಬ್ಬರನ್ನೂ ಒಟ್ಟಿಗೇ ಓದಿಸುವ ಅಧ್ಯಾಪಕರಿಗೆ ಅದು ಸರಿಯಾದ ತೀರ್ಮಾನವಾಗಿಯೇ ಕಂಡಿರುತ್ತದೆ.

ಪಠ್ಯದ ತುತ್ತತುದಿಯಲ್ಲಿರುವುದು ಆಪ್ಷನ್‌ಗಳ ಬೆಲೆ ಕಟ್ಟುವ ಸಿದ್ಧಾಂತ. ಆಪ್ಷನ್ ಎಂದರೆ ಒಂದು ಷೇರನ್ನು ನಿಗದಿತ ದಿನದೊಳಗೆ ಅಥವಾ ಆ ದಿನದಂದು ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೆ ಮಾರುವ ಹಕ್ಕು. ಲಾಭವಿಲ್ಲದಿದ್ದರೆ ಹಕ್ಕನ್ನು ಬಿಟ್ಟುಬಿಡಬಹುದು. ಈ ಹಕ್ಕಿಗೆ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ಪ್ಯಾರಿಸ್ಸಿನ ಲೂಯಿ ಬಶಲಿಯೆ 1900ರಷ್ಟು ಹಿಂದೆಯೇ ತಮ್ಮ ಪ್ರಬಂಧದಲ್ಲಿ ಎತ್ತಿಕೊಂಡಿದ್ದರು. ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ 1973ರಲ್ಲಿ ಪ್ರಕಟಿಸಿದ ಸೂತ್ರ ಅದಕ್ಕೆ ಒಪ್ಪಬಹುದಾದ ಉತ್ತರ ಕೊಟ್ಟಿತು. ಸೂತ್ರ ಗಣಿತದ ದೃಷ್ಟಿಯಿಂದ ಕಠಿಣವಾದರೂ ಅದರ ಹಿಂದಿನ ತರ್ಕವನ್ನು ಕೂಡು-ಕಳೆ ಬಲ್ಲವರೂ ಹಿಡಿಯಬಹುದು. 100 ರೂಪಾಯಿಯ ಷೇರು ನಾಳೆ 130 ಆಗಬಹುದು ಅಥವಾ 90 ಆಗಬಹುದು, ಮೂರನೆಯ ಸಾಧ್ಯತೆಯಿಲ್ಲ, ಬಡ್ಡಿಯೂ ಇಲ್ಲ ಎಂದಿಟ್ಟುಕೊಳ್ಳೋಣ. ನಾಳೆ ಅದನ್ನು 100 ರೂಪಾಯಿಗೆ ಕೊಳ್ಳುವ ಹಕ್ಕು ಷೇರು ಏರಿದರೆ 30 ರೂಪಾಯಿ ತರುತ್ತದೆ, ಇಳಿದರೆ ಏನೂ ತರುವುದಿಲ್ಲ. ಈಗ 270 ರೂಪಾಯಿ ಸಾಲ ಮಾಡಿ, ಕೈಯಿಂದ 30 ರೂಪಾಯಿ ಸೇರಿಸಿ, ಮೂರು ಷೇರುಗಳನ್ನು ಕೊಂಡವರ ಸ್ಥಿತಿ ನೋಡಬೇಕು. ಷೇರು ಏರಿದರೆ ಅವರ ಬಳಿ 390 ಇದ್ದು ಸಾಲ ತೀರಿಸಿ 120 ಉಳಿಯುತ್ತದೆ. ಇಳಿದರೆ 270 ಇದ್ದು ಸಾಲಕ್ಕೆ ಸರಿಹೋಗುತ್ತದೆ. ನಾಲ್ಕು ಆಪ್ಷನ್‌ಗಳನ್ನು ಇಟ್ಟುಕೊಂಡವರಿಗೂ ಸಿಗುವುದು ಇಷ್ಟೇ: ಏರಿದರೆ 120, ಇಳಿದರೆ ಸೊನ್ನೆ. ಎರಡರ ಫಲ ಒಂದೇ ಆದ್ದರಿಂದ ಬೆಲೆಯೂ ಒಂದೇ ಇರಬೇಕು, ಇಲ್ಲವಾದರೆ ಅಗ್ಗದ್ದನ್ನು ಕೊಂಡು ದುಬಾರಿಯದನ್ನು ಮಾರಿ ಅಪಾಯವಿಲ್ಲದೆ ಹಣ ಮಾಡಬಹುದು. ನಾಲ್ಕಕ್ಕೆ 30 ರೂಪಾಯಿಯಾದರೆ ಒಂದಕ್ಕೆ 7.50.

ಈ ಲೆಕ್ಕದಲ್ಲಿ ಷೇರು ಏರುವ ಸಂಭವ ಎಷ್ಟು ಎಂಬ ಪ್ರಶ್ನೆ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಏರುವುದಕ್ಕೂ ಇಳಿಯುವುದಕ್ಕೂ ಸಮಾನ ಸಂಭವವಿದೆಯೆಂದು ನಂಬಿದವರು ಆಪ್ಷನ್ನಿನ ಬೆಲೆ 15 ರೂಪಾಯಿ ಎಂದಾರು. ಉತ್ತರ ಅದರ ಅರ್ಧ. ಹಣಕಾಸು ಶಾಸ್ತ್ರದ ಅತ್ಯಂತ ಸುಂದರವಾದ ತರ್ಕ ಇದೆಂದು ಹೇಳಲು ಅಡ್ಡಿಯಿಲ್ಲ. ಅದರ ಷರತ್ತೂ ಅಷ್ಟೇ ಕಠಿಣ: ಬೆಲೆ ಬದಲಾದ ಕ್ಷಣಕ್ಷಣವೂ ಬೇಕಾದಷ್ಟು ಕೊಳ್ಳಲು, ಮಾರಲು ಸಾಧ್ಯವಾಗಬೇಕು, ಬೆಲೆ ಹಠಾತ್ತನೆ ಜಿಗಿಯಬಾರದು. ಇದೇ ತರ್ಕವನ್ನು ನೆಚ್ಚಿ, ಪೇಟೆ ಇಳಿದಂತೆ ಮಾರುತ್ತ ಹೋಗಿ ನಷ್ಟಕ್ಕೆ ಮಿತಿ ಹಾಕುತ್ತೇವೆಂದು ಹೊರಟ ದೊಡ್ಡ ಹೂಡಿಕೆದಾರರು 1987ರ ಅಕ್ಟೋಬರ್ 19ರಂದು, ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ. 22.6ರಷ್ಟು ಕುಸಿದಾಗ, ಎಲ್ಲರೂ ಮಾರುವವರೇ ಆಗಿರುವ ಪೇಟೆಯಲ್ಲಿ ಕೊಳ್ಳುವವರಿರುವುದಿಲ್ಲ ಎಂಬುದನ್ನು ಕಂಡುಕೊಂಡರು. 1997ರಲ್ಲಿ ಆಪ್ಷನ್ ಬೆಲೆಯ ಈ ಸಿದ್ಧಾಂತಕ್ಕಾಗಿಯೇ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ನೊಬೆಲ್ ಪುರಸ್ಕಾರ ಪಡೆದರು. ಅವರಿಬ್ಬರೂ ಪಾಲುದಾರರಾಗಿದ್ದ, ಸ್ವಂತ ಬಂಡವಾಳದ ಸುಮಾರು 25 ಪಟ್ಟು ಸಾಲ ಮಾಡಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿ ಮರುವರ್ಷ ರಷ್ಯಾ ತನ್ನ ಸಾಲ ತೀರಿಸದೆ ನಿಂತ ಮೇಲೆ ಕುಸಿದು, ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ 14 ಹಣಕಾಸು ಸಂಸ್ಥೆಗಳು ಸುಮಾರು 360 ಕೋಟಿ ಡಾಲರ್ ಹಾಕಿ ಅದನ್ನು ಎತ್ತಿಹಿಡಿಯಬೇಕಾಯಿತು.

ಭಾರತದಲ್ಲಿ ಸೂಚ್ಯಂಕದ ಆಪ್ಷನ್ ವಹಿವಾಟು 2001ರಲ್ಲಿ ಆರಂಭವಾಯಿತು. ಇಂದು ಮೊಬೈಲ್ ಫೋನಿನಲ್ಲಿಯೇ ಅದನ್ನು ಆಡುವವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರೆಂದೂ, ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಮೇಲಿನ ಲೆಕ್ಕವನ್ನು ಅರ್ಥಮಾಡಿಕೊಂಡವರಿಗೆ ಇದರಲ್ಲಿ ಅಚ್ಚರಿಯಿರದು: ಏರುತ್ತದೆ ಎಂಬ ನಂಬಿಕೆಗೆ ಬೆಲೆಯಲ್ಲಿ ಸ್ಥಾನವಿಲ್ಲದ ಕಡೆ ಆ ನಂಬಿಕೆಯೊಂದನ್ನೇ ಹಿಡಿದು ಹೋದವರು, ಸರಿಯಾಗಿ ಲೆಕ್ಕಹಾಕಿ ಮಾರುವವರಿಗೂ ದಲ್ಲಾಳಿ ಶುಲ್ಕ, ತೆರಿಗೆಗಳಿಗೂ ಹಣ ತೆತ್ತು ಬರುವುದು ಸಹಜ.

1970ರಿಂದೀಚಿನ ಅರ್ಥಶಾಸ್ತ್ರವು ಈ ಷರತ್ತುಗಳಲ್ಲಿ ಒಂದನ್ನು, ಅಂದರೆ ಎಲ್ಲರಿಗೂ ಒಂದೇ ಮಾಹಿತಿ ಇರುತ್ತದೆಂಬುದನ್ನು, ಕೈಬಿಟ್ಟು ನೋಡಿದ್ದರಿಂದ ಹಣಕಾಸಿನ ಪಾಠಕ್ಕೆ ಹೆಚ್ಚಿನ ಪ್ರಯೋಜನವಾಗಿದೆ. ಜಾರ್ಜ್ ಅಕರ್ಲಾಫ್ ಆ ವರ್ಷ ಪ್ರಕಟಿಸಿದ, ಅದಕ್ಕೆ ಮುಂಚೆ ಹಲವು ಪತ್ರಿಕೆಗಳು ತಿರಸ್ಕರಿಸಿದ್ದ ಲೇಖನದ ವಿಷಯ ಹಳೆಯ ಕಾರುಗಳ ಪೇಟೆ. ಕಾರು ಒಳ್ಳೆಯದೋ ಕೆಟ್ಟದ್ದೋ ಎಂಬುದು ಮಾರುವವರಿಗೆ ಮಾತ್ರ ಗೊತ್ತಿದ್ದು ಕೊಳ್ಳುವವರು ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧರಿದ್ದರೆ, ಒಳ್ಳೆಯ ಕಾರಿನವರು ಪೇಟೆಯಿಂದ ಹೊರಗುಳಿಯುತ್ತಾರೆ, ಉಳಿದವುಗಳ ಸರಾಸರಿ ಇನ್ನಷ್ಟು ಇಳಿಯುತ್ತದೆ, ಕೊನೆಗೆ ಪೇಟೆಯೇ ಇಲ್ಲವಾಗಬಹುದು. ಅದೇ ಲೇಖನದಲ್ಲಿ ಅಕರ್ಲಾಫ್ ಭಾರತದ ಗ್ರಾಮೀಣ ಸಾಲವನ್ನೂ ಉದಾಹರಿಸುತ್ತಾರೆ. ಊರಿನ ಲೇವಾದೇವಿಗಾರ ಹೆಚ್ಚು ಬಡ್ಡಿ ವಸೂಲು ಮಾಡಿಯೂ ಉಳಿದುಕೊಳ್ಳುವುದಕ್ಕೆ, ಯಾರು ಸಾಲ ತೀರಿಸುವವರು, ಯಾರು ತೀರಿಸದವರು ಎಂಬ ತಿಳಿವಳಿಕೆ ಅವನಿಗಿರುವುದು ಒಂದು ಕಾರಣ. ಹೊರಗಿನಿಂದ ಬಂದು ಕಡಿಮೆ ಬಡ್ಡಿಗೆ ಕೊಡುವೆನೆಂದವನ ಬಳಿಗೆ ತೀರಿಸದವರೇ ಮೊದಲು ಸಾಲುಗಟ್ಟುತ್ತಾರೆ.

ಈ ಬೆಳಕಿನಲ್ಲಿ ಕರಾವಳಿ ಕರ್ನಾಟಕದ ಬ್ಯಾಂಕಿಂಗ್ ಇತಿಹಾಸವನ್ನು ಓದಿದರೆ ಅದರಲ್ಲಿ ಸಿದ್ಧಾಂತಕ್ಕೆ ಬೇಕಾದಷ್ಟು ಸಾಮಗ್ರಿಯಿದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ, 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಸಂಸ್ಥೆ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ, ಏಜೆಂಟರು ದಿನವೂ ಮನೆ ಮತ್ತು ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಸಣ್ಣ ಉಳಿತಾಯವನ್ನು ಒಟ್ಟುಗೂಡಿಸುವುದು ಯೋಜನೆಯ ಉದ್ದೇಶವಾಗಿತ್ತಾದರೂ, ಯಾರ ವ್ಯಾಪಾರ ಯಾವ ಋತುವಿನಲ್ಲಿ ಕುಗ್ಗುತ್ತದೆ, ಯಾರು ಕಷ್ಟದ ದಿನವೂ ಕಂತು ತಪ್ಪಿಸುವುದಿಲ್ಲ ಎಂಬ ಮಾಹಿತಿಯೂ ಆ ದಿನನಿತ್ಯದ ಭೇಟಿಯಿಂದ ಬ್ಯಾಂಕಿಗೆ ಸಿಗಲು ಸಾಧ್ಯವಿತ್ತು. ಲೇವಾದೇವಿಗಾರನಿಗೆ ಮಾತ್ರ ಮೀಸಲಾಗಿದ್ದ ತಿಳಿವಳಿಕೆಯ ಒಂದು ಪಾಲನ್ನು ಬ್ಯಾಂಕು ಹಾಗೆ ಪಡೆಯಬಹುದಾಗಿತ್ತು. ಅಕರ್ಲಾಫ್ ಅವರ ಲೇಖನ ಎಂ.ಎ. ಅರ್ಥಶಾಸ್ತ್ರದ ಸೂಕ್ಷ್ಮ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಬರುತ್ತದೆ. ಪಿಗ್ಮಿ ಬರುವುದು ವಾಣಿಜ್ಯ ವಿಭಾಗದ ಬ್ಯಾಂಕಿಂಗ್ ಪತ್ರಿಕೆಯಲ್ಲಿ, ಠೇವಣಿಯ ವಿಧಗಳನ್ನು ಹೆಸರಿಸಿ ಎಂಬ ಪ್ರಶ್ನೆಗೆ ಉತ್ತರವಾಗಿ, ಚಾಲ್ತಿ ಖಾತೆ, ಉಳಿತಾಯ ಖಾತೆ, ಅವಧಿ ಠೇವಣಿಗಳ ನಂತರದ ಸಾಲಿನಲ್ಲಿ.